ಒಂಬತ್ತು ಟೊಮೆಟೊದಲ್ಲಿ ಉಳಿದಿದ್ದು ಎರಡು

(ನಮ್ಮ ರಸ್ತೆಯ ವಾಟ್ಸ್‌ಆ್ಯಪ್ ಗುಂಪು)

27ನೇ ಮನೆ, ಬೆಳಿಗ್ಗೆ 6:10
ಯಾರೂ ಬೇಜಾರು ಮಾಡಿಕೊಳ್ಳಬೇಡಿ, ಇವತ್ತು ನನಗೆ ತಡೆಯೋಕೆ ಆಗುತ್ತಿಲ್ಲ. ರಾತ್ರಿ ಹತ್ತಕ್ಕೆ ಹಿತ್ತಲ ಬಾಗಿಲು ಹಾಕುವಾಗ ಗಿಡದಲ್ಲಿ ಒಂಬತ್ತು ಹಣ್ಣಿತ್ತು. ಈಗ ಎರಡಿದೆ. ಹೆಸರಘಟ್ಟದಿಂದ ಬೀಜ ತಂದು ಹಾಕಿದ ಅರ್ಕಾ ರಕ್ಷಕ್ ತಳಿಯ ಟೊಮೆಟೊ. ಪೂರ್ತಿ ತಿಂದಿದ್ದರೂ ಸಹಿಸಿಕೊಳ್ಳುತ್ತಿದ್ದೆ. ಒಂದೊಂದನ್ನೂ ಒಂದು ಕಡೆ ಕಚ್ಚಿ, ಬೀಜ ಸೋರುವ ಹಾಗೆ ಮಣ್ಣಲ್ಲಿ ಬಿಸಾಡಿವೆ. ಈ ಅಳಿಲುಗಳಿಗೆ ಏನಾದರೂ ಮಾಡಲೇಬೇಕು.

ಮೂಲೆ ಮನೆ ಅಂಕಲ್
ಹೋದ ವರ್ಷವೇ ಬಡಕೊಂಡೆ, ಆ ಹೊಂಗೆ ಕೊಂಬೆ ತೆಗೆಸಿ ಅಂತ. ಯಾರು ಕೇಳಿದರು? ಸಾಲದ್ದಕ್ಕೆ 31ರವರು ದಿನಾ ಮಹಡಿ ಮೇಲೆ ಜೋಳ ಚೆಲ್ಲುತ್ತಾರೆ. ಎಲೆ ಹಾಕಿದ ಮೇಲೆ ಊಟಕ್ಕೆ ಬರದೇ ಇರುತ್ತವಾ?

31, ಮೊದಲ ಮಹಡಿ
ಅದು ಪಾರಿವಾಳಕ್ಕೆ ಅಂಕಲ್. ನಮ್ಮತ್ತೆ ಇದ್ದಾಗಿನಿಂದ ಹಾಕುತ್ತಿದ್ದೇವೆ.

ಮೂಲೆ ಮನೆ ಅಂಕಲ್
ಅವು ನನ್ನ ಕಾರಿನ ಮೇಲೆ ಮಾಡುವುದನ್ನು ನಿಮ್ಮತ್ತೆ ನೋಡಿದ್ದರಾ?

19ನೇ ಮನೆ (ಫಾರ್ವರ್ಡ್)
ಸೇತುವೆ ಕಟ್ಟುವಾಗ ಮರಳು ಹೊತ್ತ ಅಳಿಲಿನ ಬೆನ್ನನ್ನು ಶ್ರೀರಾಮ ಸವರಿದ. ಆ ಮೂರು ಬೆರಳೇ ಮೂರು ಗೆರೆ! 10 ಜನಕ್ಕೆ ಕಳುಹಿಸಿ.

12ನೇ ಮನೆ
ಅಂದಿನ ಕೂಲಿ ಇವತ್ತು ವಸೂಲಿ ಮಾಡಿದೆ ಬಿಡಿ ಆಂಟಿ 😄

27ನೇ ಮನೆ
ನಿಮ್ಮ ಮನೆ ಗಿಡ ಆಗಿದ್ದರೆ ನಗು ಬರುತ್ತಿರಲಿಲ್ಲಪ್ಪ.

8ನೇ ಮನೆ
ಅಮ್ಮಾ, ಹಣ್ಣು ಕೆಂಪಗಾಗುವವರೆಗೂ ಗಿಡದಲ್ಲಿ ಬಿಡಬೇಡಿ. ಬುಡದಲ್ಲಿ ಚೂರು ಬಣ್ಣ ತಿರುಗಿದ ಕೂಡಲೇ ಕಿತ್ತು ಬುಟ್ಟಿಯಲ್ಲಿಡಿ, ಮನೆಯೊಳಗೇ ಹಣ್ಣಾಗುತ್ತದೆ. ಕೋಲಾರದಲ್ಲಿ ನಾವು ದೂರದ ಊರಿಗೆ ಲೋಡ್ ಕಳಿಸುವಾಗ ಹಾಗೇ ಕೀಳುತ್ತಿದ್ದೆವು. ನೈಲಾನ್ ಬಲೆ ಬೇಡ, ಕಡಿದು ಹಾಕುತ್ತವೆ, ಇಲ್ಲವೇ ಸಿಕ್ಕಿಕೊಂಡು ಒದ್ದಾಡುತ್ತವೆ. ಅರ್ಧ ಇಂಚಿನ ತಂತಿ ಜಾಲರಿಯೇ ಸರಿ. ಎಸ್.ಪಿ. ರೋಡಿನಿಂದ ಒಟ್ಟಿಗೆ ತರೋಣ. ಯಾರ್ಯಾರಿಗೆ ಬೇಕು?

27ನೇ ಮನೆ
ನನಗೆ 20 ಅಡಿ.

14ನೇ ಮನೆ
ನನಗೂ 10. ಖಾರದಪುಡಿ ನೀರು ಹೊಡೆದರೆ ಆಗಲ್ವಾ?

8ನೇ ಮನೆ
ಆಗುತ್ತೆ. ಒಂದು ಮಳೆ ಬಂದರೆ ಮತ್ತೆ ಹೊಡೀಬೇಕು.

ಮೂಲೆ ಮನೆ ಅಂಕಲ್
ಜಾಲರಿ ಆಮೇಲೆ. ಮೊದಲು ಕೊಂಬೆ. ನಾಳೆ ನಾನೇ ಆಳು ಕರೆಸುತ್ತೇನೆ.

22ನೇ ಮನೆ
ಅಂಕಲ್, ಅದು ಬೀದಿ ಮರ. 1976ರ ಮರ ಸಂರಕ್ಷಣಾ ಕಾಯ್ದೆ ಇದೆ. ಅನುಮತಿ ಇಲ್ಲದೆ ಕೊಡಲಿ ಹಾಕಬೇಡಿ.
ಆಂಟಿ, ಒಂದು ವಿಷಯ. ಹತ್ತು ಗಂಟೆಗೆ ಹಣ್ಣಿತ್ತು, ಆರಕ್ಕೆ ಇರಲಿಲ್ಲ ಅಂದಿರಿ. ಅಳಿಲು ಹಗಲು ಓಡಾಡುವ ಪ್ರಾಣಿ, ಕತ್ತಲಾದರೆ ಗೂಡು ಸೇರುತ್ತದೆ. ಗೋಡೆ ಬುಡದಲ್ಲಿ ಬಿಲ ಏನಾದರೂ ಇದೆಯಾ ನೋಡಿ.

27ನೇ ಮನೆ, 7:25
ನೋಡಿದೆ. ಬಟ್ಟೆ ಒಗೆಯುವ ಕಲ್ಲಿನ ಹಿಂದೆ ನನ್ನ ಮುಷ್ಟಿ ಹೋಗುವಷ್ಟು ಬಿಲ. ಹೊರಗೆ ಹೊಸ ಮಣ್ಣಿನ ಗುಡ್ಡೆ. ಒಂದು ಟೊಮೆಟೊ ಬಿಲದ ಬಾಯಲ್ಲೇ ಬಿದ್ದಿದೆ.

22ನೇ ಮನೆ
ಹೆಗ್ಗಣ.

27ನೇ ಮನೆ
ಅಯ್ಯೋ. ಆದರೆ ಹಗಲು ಸೀಬೆಕಾಯಿ ಕೆಡವುವುದು ಅಳಿಲೇ, ಕಣ್ಣಾರೆ ನೋಡಿದ್ದೇನೆ. ಅವುಗಳನ್ನು ಸುಮ್ನೆ ಬಿಟ್ಟೆ ಅಂತಲ್ಲ.

ಮೂಲೆ ಮನೆ ಅಂಕಲ್
ಪಾಷಾಣ ಇಡಿ. ಎರಡು ದಿನದಲ್ಲಿ ಎಲ್ಲ ಖಾಲಿ.

22ನೇ ಮನೆ
ದಯವಿಟ್ಟು ಬೇಡ. ವಿಷ ತಿಂದ ಹೆಗ್ಗಣವನ್ನು ತಿಂದರೆ ಬೆಕ್ಕು, ಗೂಬೆಗೂ ಅಪಾಯ. ರಸ್ತೆಯಲ್ಲಿ ಮಕ್ಕಳೂ ಇದ್ದಾರೆ. ಬೋನು ಇಡೋಣ.

8ನೇ ಮನೆ
ಬೋನಿಗೆ ಹತ್ತು ಬಿದ್ದರೆ ಖಾಲಿ ಸೈಟಿನ ಕಸದಿಂದ ಇಪ್ಪತ್ತು ಬರುತ್ತವೆ. ಅಲ್ಲಿ ಅನ್ನ, ಕೋಳಿ ಮೂಳೆ ಎಲ್ಲ ಬಿದ್ದಿದೆ. ಅದನ್ನು ತೆಗೆಯದೆ ಏನೂ ಆಗಲ್ಲ.

ಮೂಲೆ ಮನೆ ಅಂಕಲ್
ಅದು ನಮ್ಮ ರಸ್ತೆಯವರದ್ದಲ್ಲ. ಹಿಂದಿನ ರಸ್ತೆಯವರು ಬೈಕಿನಲ್ಲಿ ಬಂದು ಎಸೆಯುತ್ತಾರೆ.

31, ಮೊದಲ ಮಹಡಿ
ಶನಿವಾರ ಎಳನೀರು ಬುರುಡೆ ಹಾಕಿದ್ದೂ ಹಿಂದಿನ ರಸ್ತೆಯವರಾ ಅಂಕಲ್?

ಮೂಲೆ ಮನೆ ಅಂಕಲ್
ಆ ದಿನ ಕಸದ ಗಾಡಿ ಬಂದಿರಲಿಲ್ಲ!

14ನೇ ಮನೆ
ಬಂದಿತ್ತು. 6:40ಕ್ಕೆ. ನಾನು ಕೊಟ್ಟಿದ್ದೇನೆ.

12ನೇ ಮನೆ
ಸಾಕು ಬಿಡಿ. ಭಾನುವಾರ 7ಕ್ಕೆ ಸೈಟಿನ ಹತ್ತಿರ ಸೇರೋಣ. ಗುದ್ದಲಿ, ಮಂಕರಿ ಯಾರ ಮನೆಯಲ್ಲಿದೆ?

8ನೇ ಮನೆ
ನನ್ನ ಹತ್ತಿರ ಎರಡು ಗುದ್ದಲಿ ಇದೆ. ಕೈಗವಸು ತನ್ನಿ.

19ನೇ ಮನೆ
ನಮ್ಮ ಮನೆಗೆ ಕಾವೇರಿ ನೀರು ಬಂದಿಲ್ಲ. ನಿಮಗೆಲ್ಲ ಬಂತಾ?

14ನೇ ಮನೆ
ನಮಗೂ ಇಲ್ಲ. ಟ್ಯಾಂಕರ್ ಹೇಳೋಣವಾ?

27ನೇ ಮನೆ
ಭಾನುವಾರ ನಾನು ಬರುತ್ತೇನೆ. ಜಾಲರಿಯ ಲೆಕ್ಕ ಯಾರಾದರೂ ಬರೆದುಕೊಂಡಿರಾ? ಉಳಿದ ಎರಡು ಕಾಯಿ ಇನ್ನೂ ಗಿಡದಲ್ಲೇ ಇವೆ.