ಡಿಎನ್‌ಎ ರಿಪೋರ್ಟ್ ನೋಡಿಕೊಂಡು ಊಟ ಮಾಡಬೇಕಾ? ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಇವತ್ತು ಸಂಜೆ 7ರಿಂದ 9ರವರೆಗೆ ನಮ್ಮ ಡಯಟಿಷಿಯನ್ ಮೇಡಂ ಇರುತ್ತಾರೆ. ವಿಷಯ: ಎಂಜಲು ಕೊಟ್ಟು ಮಾಡಿಸುವ ಡಿಎನ್‌ಎ ಟೆಸ್ಟ್, ಅದರ ಪ್ರಕಾರ ಊಟ, ವ್ಯಾಯಾಮ. ರಿಪೋರ್ಟ್ ಹಾಕುವವರು ಹೆಸರು ಮುಚ್ಚಿ ಹಾಕಿ. ಫಾರ್ವರ್ಡ್ ಬೇಡ, ದಯವಿಟ್ಟು.

ಬೆಳಗಿನ ವಾಕರ್: ನಮಸ್ಕಾರ ಮೇಡಂ. ಆಫೀಸಿನ ಕ್ಯಾಂಪಿನಲ್ಲಿ ಟೆಸ್ಟ್ ಮಾಡಿಸಿದ್ದೆ. 46 ಪುಟದ ರಿಪೋರ್ಟ್ ಬಂದಿದೆ. ಎಫ್‌ಟಿಒ ಅನ್ನುವ ಜೀನ್ ಅಪ್ಪನ ಕಡೆಯಿಂದ, ಅಮ್ಮನ ಕಡೆಯಿಂದ ಎರಡೂ ಬಂದಿದೆಯಂತೆ. ಬೊಜ್ಜು ಗ್ಯಾರಂಟಿ, ಅನ್ನ ಬಿಡಿ ಅಂತ ಬರೆದಿದ್ದಾರೆ.

ಡಯಟಿಷಿಯನ್ ಮೇಡಂ: ನಮಸ್ಕಾರ. ಗ್ಯಾರಂಟಿ ಏನೂ ಇಲ್ಲ. ಆ ಜೀನಿನ ಬೊಜ್ಜಿನ ರೂಪ ಎರಡೂ ಕಡೆಯಿಂದ ಬಂದವರು, ಒಂದೂ ಬರದವರಿಗಿಂತ ಸರಾಸರಿ 3 ಕೆಜಿ ಜಾಸ್ತಿ ತೂಗುತ್ತಾರೆ. ಅಷ್ಟೇ. ಚೆನ್ನಾಗಿ ಓಡಾಡುವವರಲ್ಲಿ ಅದೂ ಕಡಿಮೆ. ನೀವು ವಾಕರ್ ಅಲ್ವಾ, ನಡೆಯಿರಿ.

ಇನ್ನು ಅನ್ನದ ಮಾತು. 2018ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನವರು 609 ಜನರ ಮೇಲೆ ಒಂದು ವರ್ಷ ನಡೆಸಿದ ಪ್ರಯೋಗ ಪ್ರಕಟವಾಯಿತು. ಕೆಲವರಿಗೆ ಕೊಬ್ಬು ಕಡಿಮೆ ಊಟ, ಕೆಲವರಿಗೆ ಕಾರ್ಬ್ (ಅನ್ನ, ಹಿಟ್ಟು, ಸಕ್ಕರೆ) ಕಡಿಮೆ ಊಟ. ಇಳಿದದ್ದು ಸರಾಸರಿ 5.3 ಕೆಜಿ ಮತ್ತು 6 ಕೆಜಿ. ಜೀನಿಗೆ ‘ಹೊಂದುವ’ ಊಟ ಸಿಕ್ಕವರು ಹೆಚ್ಚು ಇಳಿದರಾ? ಇಲ್ಲ.

ರಾಗಿಮುದ್ದೆ ಫ್ಯಾನ್: ನನ್ನದೂ ಎಫ್‌ಟಿಒ ಮೇಡಂ. ಅನ್ನ ಬಿಟ್ಟು ಮುದ್ದೆ ತಿನ್ನಲಾ?

ಡಯಟಿಷಿಯನ್ ಮೇಡಂ: ತಿನ್ನಿ. ಎರಡರ ಬದಲು ಒಂದು. ಸೊಪ್ಪಿನ ಸಾರು ಜಾಸ್ತಿ. ಇದಕ್ಕೆ ಜೀನ್ ಕೇಳಬೇಕಾಗಿಲ್ಲ.

ಪುಟ್ಟಿ ಅಮ್ಮ: ನನಗೆ ಥೈರಾಯ್ಡ್ ಇದೆ ಮೇಡಂ. ರಿಪೋರ್ಟಿನಲ್ಲಿ ಕೋಸು ನಿಮಗೆ ಆಗುವುದಿಲ್ಲ ಅಂತಿದೆ. ಪಲ್ಯ ಮಾಡಿಕೊಳ್ಳಬಹುದಾ?

ಮಂಡ್ಯದ ಹಾಲು: ನನ್ನ ರಿಪೋರ್ಟಿನಲ್ಲಿ ‘ಹಾಲು ಅರಗುವುದಿಲ್ಲ’ ಅಂತ ಬಂದಿದೆ. ಮನೆಯಲ್ಲಿ ನಾಲ್ಕು ಹಸು ಇವೆ ಸ್ವಾಮಿ!

ಡಯಟಿಷಿಯನ್ ಮೇಡಂ: ಹಾಲಿನ ಸಕ್ಕರೆ ಅರಗಿಸುವ ಲ್ಯಾಕ್ಟೇಸ್ ದಕ್ಷಿಣದ ಹೆಚ್ಚಿನವರಲ್ಲಿ ದೊಡ್ಡವರಾದ ಮೇಲೆ ಕಡಿಮೆಯಾಗುತ್ತದೆ. ಅದು ರೋಗ ಅಲ್ಲ. ಹಾಲು ಕುಡಿದಾಗ ಹೊಟ್ಟೆ ಉಬ್ಬರಿಸುತ್ತದಾ?

ಮಂಡ್ಯದ ಹಾಲು: ಇಲ್ಲ. ದಿನಾ ಎರಡು ಲೋಟ ಕುಡಿಯುತ್ತೇನೆ.

ಡಯಟಿಷಿಯನ್ ಮೇಡಂ: ಹಾಗಾದರೆ ಕುಡಿಯಿರಿ. ಉಬ್ಬರಿಸುವವರು ಮೊಸರು, ಮಜ್ಜಿಗೆಗೆ ಹೋಗಿ. ಹೆಪ್ಪು ಹಾಕಿದಾಗ ಬ್ಯಾಕ್ಟೀರಿಯಾ ಆ ಸಕ್ಕರೆಯಲ್ಲಿ ಒಂದಷ್ಟನ್ನು ಮೊದಲೇ ಅರಗಿಸಿರುತ್ತವೆ.

ದಾವಣಗೆರೆ ರನ್ನರ್: ಮಗಳಿಗೆ 9 ವರ್ಷ. ಎಸಿಟಿಎನ್3 ಜೀನ್ ನೋಡಿಸಿದರೆ 100 ಮೀಟರೋ ಮ್ಯಾರಥಾನೋ ಗೊತ್ತಾಗುತ್ತದೆ ಅಂತ ಕೋಚ್ ಹೇಳುತ್ತಾರೆ.

ಡಯಟಿಷಿಯನ್ ಮೇಡಂ: ಅದಕ್ಕಿಂತ ಸ್ಟಾಪ್‌ವಾಚ್ ಚೆನ್ನಾಗಿ ಹೇಳುತ್ತದೆ. ಕುಂಟೆಬಿಲ್ಲೆಯಿಂದ ಕಬಡ್ಡಿಯವರೆಗೆ ಎಲ್ಲಾ ಆಡಲಿ ಬಿಡಿ.

ಮೈಸೂರು ಹುಡುಗ: ಮೇಡಂ, ವಯಸ್ಸು 34. ನನ್ನ ರಿಪೋರ್ಟಿನಲ್ಲಿ ‘ಕೊಬ್ಬು ಚೆನ್ನಾಗಿ ಅರಗುವ ದೇಹ, ಕೀಟೋ ಸೂಕ್ತ, ಹೃದಯದ ಅಪಾಯ ಸಾಧಾರಣ’ ಅಂತ ಇದೆ. ನಾಲ್ಕು ತಿಂಗಳಿಂದ ಕೀಟೋ, ಅಂದರೆ ಅನ್ನ-ರೊಟ್ಟಿ ಬಹುತೇಕ ಬಿಟ್ಟು ಕೊಬ್ಬೇ ಹೆಚ್ಚಿರುವ ಊಟ. ತುಪ್ಪ, ಮೊಟ್ಟೆ, ಪನ್ನೀರ್. 7 ಕೆಜಿ ಇಳಿದೆ. ಆದರೆ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) 248 ಬಂದಿದೆ. ಕೀಟೋದಲ್ಲಿ ಇದು ಮಾಮೂಲಿ, ಹೆದರಬೇಡಿ ಅಂತಾರೆ ಜಿಮ್‌ನವರು. ಹೌದಾ?

ಡಯಟಿಷಿಯನ್ ಮೇಡಂ: ಕೀಟೋಗೆ ಮುಂಚೆ ಎಷ್ಟಿತ್ತು? ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲಿ ಹಾರ್ಟ್ ಅಟ್ಯಾಕ್ ಆಗಿದೆಯಾ? ಹಿಮ್ಮಡಿಯ ಮೇಲೆ ಹಗ್ಗದ ಹಾಗಿರುವ ಸ್ನಾಯುರಜ್ಜು ಮುಟ್ಟಿ ನೋಡಿ, ಗಂಟಿನ ಹಾಗೆ ದಪ್ಪ ಇದೆಯಾ?

ಮೈಸೂರು ಹುಡುಗ: ಎರಡು ವರ್ಷದ ಹಿಂದೆ 203. ಅಪ್ಪ 44ಕ್ಕೆ ಹೋದರು, ಅಟ್ಯಾಕ್. ಹಿಮ್ಮಡಿ ಎರಡೂ ಕಡೆ ದಪ್ಪ ಇದೆ, ಶೂ ಒತ್ತಿ ಆಗಿದ್ದು ಅಂದುಕೊಂಡಿದ್ದೆ. ಟ್ರೆಡ್‌ಮಿಲ್ ಮೇಲೆ ಒಮ್ಮೊಮ್ಮೆ ಎದೆ ಹಿಡಿದ ಹಾಗಾಗುತ್ತದೆ, ನಿಂತರೆ ಸರಿಹೋಗುತ್ತದೆ. ಗ್ಯಾಸ್ ಇರಬೇಕು.

ಡಯಟಿಷಿಯನ್ ಮೇಡಂ: ಬೇರೆಯವರು ಸ್ವಲ್ಪ ಕಾಯಿರಿ.

ನಡೆದಾಗ ಹಿಡಿದು, ನಿಂತಾಗ ಬಿಡುವ ಎದೆನೋವನ್ನು ಗ್ಯಾಸ್ ಅಂತ ನೀವೇ ತೀರ್ಮಾನಿಸಬೇಡಿ. ಜಿಮ್ ಇವತ್ತಿಗೆ ನಿಂತಿತು. ನಾಳೆ ಬೆಳಿಗ್ಗೆ ಹೃದಯದ ಡಾಕ್ಟರ್. ಮೈಸೂರಿನಲ್ಲೇ ಜಯದೇವ ಇದೆ. ಸುಮ್ನೆ ಕೂತಾಗ ನೋವು ಬಂದರೆ, ಬೆವರಿದರೆ, ಕೈಗೋ ದವಡೆಗೋ ಎಳೆದರೆ ನಾಳೆಯವರೆಗೂ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಇಸಿಜಿ ಸರಿ ಇದೆ ಅಂದರೂ ಅಲ್ಲಿಗೇ ಎದ್ದು ಬರಬೇಡಿ. ಅಪ್ಪನ ವಿಷಯ, ಟ್ರೆಡ್‌ಮಿಲ್ ವಿಷಯ ಬಾಯಿಬಿಟ್ಟು ಹೇಳಿ.

ಕೀಟೋ ಕೆಲವರಲ್ಲಿ ಎಲ್‌ಡಿಎಲ್ ಏರಿಸುವುದು ನಿಜ. ಆದರೆ ನಿಮಗೆ ಅದಕ್ಕೂ ಮುಂಚೆಯೇ 203 ಇತ್ತು. ಅಪ್ಪ 44, ಹಿಮ್ಮಡಿ ದಪ್ಪ. ಇದು ಮನೆತನದಲ್ಲಿ ಹರಿದು ಬರುವ ಕೊಲೆಸ್ಟರಾಲ್ ಇರಬಹುದು ಅಂತ ನನ್ನ ಅನುಮಾನ. ಸುಮಾರು 250 ಜನರಲ್ಲಿ ಒಬ್ಬರಿಗೆ ಇರುತ್ತದೆ. ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳುವ ಬಾಗಿಲುಗಳು ಲಿವರ್‌ನಲ್ಲಿ ಹುಟ್ಟಿನಿಂದಲೇ ಕಮ್ಮಿ. ನೋಡಿ, ಇಲ್ಲಿ ನಿಜವಾಗಿ ಜೀನ್‌ನದೇ ಕೆಲಸ, ಆದರೆ ನಿಮ್ಮ ರಿಪೋರ್ಟ್ ಅದನ್ನೇ ಬಿಟ್ಟಿದೆ. ಊಟದ ಕಿಟ್‌ಗಳು ಸಾಮಾನ್ಯವಾಗಿ ಕೆಲವು ಗೊತ್ತಿರುವ ಜಾಗಗಳನ್ನು ಮಾತ್ರ ನೋಡುತ್ತವೆ. ಈ ಕಾಯಿಲೆ ತರುವ ಎಲ್‌ಡಿಎಲ್‌ಆರ್ ಜೀನಿನಲ್ಲಿ ದೋಷ ನೂರಾರು ಕಡೆ ಆಗಬಹುದು. ಆ ‘ಸಾಧಾರಣ’ಕ್ಕೆ ಬೆಲೆ ಇಲ್ಲ.

ತುಪ್ಪ, ಪನ್ನೀರ್ ರಾಶಿ ಇವತ್ತೇ ನಿಲ್ಲಿಸಿ. ಊಟ ಒಂದರಿಂದಲೇ ಇದು ಇಳಿಯುವುದಿಲ್ಲ, ಮಾತ್ರೆ ಬೇಕಾಗುತ್ತದೆ. ಯಾವುದು, ಎಷ್ಟು ಅಂತ ಡಾಕ್ಟರ್ ಹೇಳುತ್ತಾರೆ. ಅಣ್ಣತಮ್ಮ, ಅಕ್ಕತಂಗಿ, ಮಕ್ಕಳು ಇದ್ದಾರಾ? ಒಬ್ಬೊಬ್ಬರಿಗೂ ಅರ್ಧಕ್ಕರ್ಧ ಸಾಧ್ಯತೆ.

ನಾಟಿ ಮದ್ದು: ತಮ್ಮಾ, ಮಾತ್ರೆಗೆ ಬೀಳಬೇಡ. ಬೆಳ್ಳುಳ್ಳಿ ರಸ, ಶುಂಠಿ ರಸ, ನಿಂಬೆ ರಸ, ಆ್ಯಪಲ್ ವಿನೆಗರ್ ಒಂದೊಂದು ಲೋಟ ಕುದಿಸಿ, ಜೇನು ಹಾಕಿ, 21 ದಿನ ಕುಡಿ. ಬ್ಲಾಕೇಜ್ ಕರಗುತ್ತದೆ. ಹತ್ತು ಜನಕ್ಕೆ ಕಳಿಸು 🙏

ಡಯಟಿಷಿಯನ್ ಮೇಡಂ: ಈ ಮೆಸೇಜ್ ನನಗೆ ಎಷ್ಟು ಸಲ ಬಂದಿದೆಯೋ ಲೆಕ್ಕ ಇಲ್ಲ. ಬ್ಲಾಕೇಜ್ ಕಷಾಯಕ್ಕೆ ಕರಗುವುದಿಲ್ಲ. 21 ದಿನ ಅಂದರೆ ಇವರಿಗೆ 21 ದಿನ ತಡ. ಅಡ್ಮಿನ್, ತೆಗೆಯಿರಿ.

ನಾಟಿ ಮದ್ದು: ನಮ್ಮ ಅಜ್ಜಿ 92 ವರ್ಷ ಬದುಕಿದ್ದು ಯಾವ ಮಾತ್ರೆ ತಿಂದು? ಎಲ್ಲಾ ಕಂಪನಿಗಳ ದಂಧೆ.

ದಾವಣಗೆರೆ ರನ್ನರ್: ಅವರ ಅಪ್ಪ 44ಕ್ಕೆ ಹೋಗಿದ್ದಾರೆ ಸರ್. ನಿಮ್ಮ ಅಜ್ಜಿ ಲೆಕ್ಕ ಇಲ್ಲಿ ಯಾಕೆ?

ನಾಟಿ ಮದ್ದು: ಮಗಳಿಗೆ ಜೀನ್ ಟೆಸ್ಟ್ ಮಾಡಿಸಲು ಹೊರಟವರು ನನಗೆ ಬುದ್ಧಿ ಹೇಳಬೇಡಿ.

ದಾವಣಗೆರೆ ರನ್ನರ್: ಕೇಳಿದೆ ಅಷ್ಟೇ, ಮಾಡಿಸಿಲ್ಲ. ಮಾಡಿಸುವುದೂ ಇಲ್ಲ. ಅಮೆರಿಕದ ಡಿಎನ್‌ಎ ಟೆಸ್ಟ್ ಕಂಪನಿ 23ಆಂಡ್‌ಮಿಯಿಂದ 2023ರಲ್ಲಿ 69 ಲಕ್ಷ ಜನರ ಮಾಹಿತಿ ಸೋರಿತು, 2025ರಲ್ಲಿ ಕಂಪನಿಯೇ ದಿವಾಳಿ ಅರ್ಜಿ ಹಾಕಿತು.

ಮಂಡ್ಯದ ಹಾಲು: ಅದಕ್ಕೇ ನಾವು ಎಂಜಲನ್ನು ಹಸುವಿಗೂ ತೋರಿಸಲ್ಲ 😄

ನಾಟಿ ಮದ್ದು: ಜೋಕು ಸಾಕು. ವಿದೇಶಿ ಟೆಸ್ಟೂ ಬೇಡ, ವಿದೇಶಿ ಮಾತ್ರೆಯೂ ಬೇಡ. ಅದೇ ನಾನು ಹೇಳಿದ್ದು.

ಬೆಳಗಿನ ವಾಕರ್: ಆ್ಯಪಲ್ ವಿನೆಗರ್ ನಿಮ್ಮ ಅಜ್ಜಿಯ ಅಡುಗೆಮನೆಯಲ್ಲಿತ್ತಾ ಸರ್?

ನಾಟಿ ಮದ್ದು: ಮರ್ಯಾದೆ ಕೊಟ್ಟು ಮಾತಾಡಿ.

ಪುಟ್ಟಿ ಅಮ್ಮ: ಮೇಡಂ, ನನ್ನ ಕೋಸಿನ ಪ್ರಶ್ನೆ?

ಹೊಸ ಸದಸ್ಯ: ಎಫ್‌ಟಿಒ ಇದ್ದರೆ ಅನ್ನ ತಿನ್ನಬಹುದಾ?

ಡಯಟಿಷಿಯನ್ ಮೇಡಂ: ಮೇಲೆ ಓದಿ.

ಹೊಸ ಸದಸ್ಯ: ಯಾವ ಕಂಪನಿಯ ಟೆಸ್ಟ್ ಒಳ್ಳೆಯದು? ಡಿಸ್ಕೌಂಟ್ ಇದೆಯಾ?

ಡಯಟಿಷಿಯನ್ ಮೇಡಂ: ನಾನು ಅಂಗಡಿ ಇಟ್ಟಿಲ್ಲ. ಆ ದುಡ್ಡಿನಲ್ಲಿ ಶುಗರ್, ಲಿಪಿಡ್ (ಕೊಲೆಸ್ಟರಾಲ್), ಥೈರಾಯ್ಡ್, ಬಿ12 ನೋಡಿಸಿ, ಬಿಪಿ ಅಳೆಸಿ, ಸೊಂಟಕ್ಕೆ ಟೇಪು ಹಿಡಿಯಿರಿ. ಆಮೇಲೂ ದುಡ್ಡು ಉಳಿಯುತ್ತದೆ.

ಮೈಸೂರು ಹುಡುಗ: ಮೇಡಂ, ತಮ್ಮನಿಗೆ ಫೋನ್ ಮಾಡಿದ್ದೆ. ಅವನಿಗೆ 29. ಹೋದ ವರ್ಷದ ಕಂಪನಿ ಚೆಕಪ್ ಕಾಗದ ತೆಗೆಸಿದೆ. ಎಲ್‌ಡಿಎಲ್ 211. ‘ಎಣ್ಣೆ ಪದಾರ್ಥ ಕಡಿಮೆ ಮಾಡಿ’ ಅಂತ ಬರೆದು ಬಿಟ್ಟಿದ್ದಾರೆ. ನನಗೆ ಆರು ವರ್ಷದ ಮಗನಿದ್ದಾನೆ.

ಡಯಟಿಷಿಯನ್ ಮೇಡಂ: ತಮ್ಮನನ್ನೂ ನಾಳೆ ಕರೆದುಕೊಂಡು ಹೋಗಿ, ಆ ಕಾಗದವೂ ಕೈಯಲ್ಲಿರಲಿ. ಮಗನಿಗೆ ಈ ವಾರ ಒಂದು ಲಿಪಿಡ್ ಟೆಸ್ಟ್ ಸಾಕು, ಕಿಟ್ ಬೇಡ. ಇವತ್ತು ರಾತ್ರಿ ಮನೆಯಲ್ಲಿ ಯಾರಿದ್ದಾರೆ?

ಮೈಸೂರು ಹುಡುಗ: ಹೆಂಡತಿ ಇದ್ದಾಳೆ. ಅವಳೂ ಓದುತ್ತಿದ್ದಾಳೆ ಮೇಡಂ.

ಡಯಟಿಷಿಯನ್ ಮೇಡಂ: ಒಳ್ಳೆಯದು. ನೋಡಮ್ಮಾ, ಅವರು ‘ಆಮೇಲೆ ಹೋಗೋಣ’ ಅಂದರೆ ಕೇಳಬೇಡ.

ನಾಟಿ ಮದ್ದು: ಸುಮ್ನೆ ಹೆದರಿಸುವುದೇ ಆಯಿತು ಇವರದ್ದು.

ಅಡ್ಮಿನ್: 9:20 ಆಯಿತು, ಕಾಮೆಂಟ್ ಮುಚ್ಚುತ್ತಿದ್ದೇನೆ. ನಾಟಿ ಮದ್ದು ಅವರೇ, ಮುಂದಿನ ಭಾನುವಾರದವರೆಗೆ ನೀವು ಓದಬಹುದು, ಬರೆಯಲಾಗುವುದಿಲ್ಲ.

ಪುಟ್ಟಿ ಅಮ್ಮ: ಅಯ್ಯೋ, ಕೋಸು ಹೆಚ್ಚಿಟ್ಟಿದ್ದೀನಿ ಕಣ್ರೀ.