ಹೊಸ ಲೋಗೊ ಬಂದಿದೆ, ಹಳೆಯ ವರ್ಡ್ ಫೈಲ್‌ಗಳು ಬದಲಾಗುತ್ತಿಲ್ಲ

ಪ್ರಶ್ನೆ
ಕಂಪನಿಯ ಲೋಗೊ, ಬಣ್ಣ, ಫಾಂಟ್ ಮೂರೂ ಬದಲಾಗಿವೆ. ಹೊಸ ವರ್ಡ್ ಟೆಂಪ್ಲೇಟ್ ಸಿದ್ಧವಿದೆ. ಹಳೆಯ ಫೈಲ್‌ಗಳು ಸುಮಾರು 600. ಟೆಂಪ್ಲೇಟ್ ಅಟ್ಯಾಚ್ ಮಾಡಿ, ಸ್ಟೈಲ್ ತಾನಾಗಿ ಅಪ್‌ಡೇಟ್ ಆಗುವ ಟಿಕ್ ಹಾಕಿದರೂ ಹೆಡರ್‌ನಲ್ಲಿ ಹಳೆಯ ಲೋಗೊವೇ ಇದೆ. ಹೆಡಿಂಗ್‌ಗಳಲ್ಲಿ ಕೆಲವು ಬದಲಾದವು, ಕೆಲವು ಇಲ್ಲ. ಒಂದೊಂದನ್ನೇ ತೆರೆದು ಸರಿಪಡಿಸಬೇಕೇ?

ಉತ್ತರ 1
ಆ ಟಿಕ್‌ನಿಂದ ಬರುವುದು ಸ್ಟೈಲ್‌ಗಳು (ಹೆಸರಿಟ್ಟು ಉಳಿಸಿದ ಫಾಂಟ್, ಬಣ್ಣ, ಅಂತರದ ಹೊಂದಿಕೆಗಳು) ಮಾತ್ರ. ಹೆಡರ್, ಫೂಟರ್, ಮಾರ್ಜಿನ್ ಎಲ್ಲ ಫೈಲ್ ಶುರು ಮಾಡಿದಾಗಲೇ ಹಳೆಯ ಟೆಂಪ್ಲೇಟ್‌ನಿಂದ ನಕಲಾಗಿ ಒಳಗೆ ಕೂತಿರುತ್ತವೆ.

ಬದಲಾಗದ ಹೆಡಿಂಗ್‌ಗಳಿಗೆ ಯಾರೋ ಫಾಂಟ್, ಬಣ್ಣವನ್ನು ಕೈಯಾರೆ ಕೊಟ್ಟಿದ್ದಾರೆ. ಅದು ಸ್ಟೈಲನ್ನು ಮೀರುತ್ತದೆ. ಹೆಡಿಂಗ್ ಸೆಲೆಕ್ಟ್ ಮಾಡಿ ಕಂಟ್ರೋಲ್+ಸ್ಪೇಸ್ ಒತ್ತಿದರೆ ಅಕ್ಷರದ ಫಾರ್ಮ್ಯಾಟಿಂಗ್ ಹೋಗುತ್ತದೆ, ಕಂಟ್ರೋಲ್+ಕ್ಯೂ ಒತ್ತಿದರೆ ಪ್ಯಾರಾದ್ದು. ಇಡೀ ಫೈಲಿಗೆ ಮಾತ್ರ ಹೀಗೆ ಮಾಡಬೇಡಿ, ಬೇಕೆಂದೇ ಹಾಕಿದ ಬೋಲ್ಡ್, ಇಟಾಲಿಕ್ ಕೂಡ ಅಳಿಸಿಹೋಗುತ್ತದೆ.

ಸ್ಟೈಲ್ ಬಂದ ಮೇಲೆ ಟಿಕ್ ತೆಗೆದು, ಅಟ್ಯಾಚ್ ಆದ ಟೆಂಪ್ಲೇಟನ್ನೂ ವರ್ಡ್‌ನದೇ ‘ನಾರ್ಮಲ್’ ಟೆಂಪ್ಲೇಟ್‌ಗೆ ಬದಲಿಸಿ. ಇಲ್ಲದಿದ್ದರೆ, ಟೆಂಪ್ಲೇಟ್ ಇದ್ದ ಸರ್ವರ್ ಮುಂದೆ ಬದಲಾದಾಗ ವರ್ಡ್ ಅದನ್ನು ಹುಡುಕುತ್ತಾ ಫೈಲ್ ತೆರೆಯಲು ತುಂಬ ಹೊತ್ತು ತೆಗೆದುಕೊಳ್ಳುತ್ತದೆ.

ಉತ್ತರ 2
ಲೋಗೊ ಕೆಲಸವನ್ನು ಸ್ಕ್ರಿಪ್ಟ್‌ಗೆ (ಎಲ್ಲ ಫೈಲ್‌ಗಳ ಮೇಲೂ ತಾನಾಗಿ ಓಡುವ ಚಿಕ್ಕ ಪ್ರೋಗ್ರಾಂಗೆ) ಬಿಡಬಹುದು. ವರ್ಡ್‌ನ .docx ಫೈಲ್ ಎಂದರೆ ಹಲವು ಫೈಲ್‌ಗಳನ್ನು ಒಟ್ಟುಗೂಡಿಸಿದ ಒಂದು ಜಿಪ್. ಒಳಗಿನ ಮೀಡಿಯಾ ಫೋಲ್ಡರ್‌ನಲ್ಲಿರುವ ಲೋಗೊ ತೆಗೆದು, ಅದೇ ಹೆಸರು, ಅದೇ ಎಕ್ಸ್‌ಟೆನ್ಷನ್‌ನಲ್ಲಿ ಹೊಸದನ್ನು ಇಡಿ. ಎಲ್ಲ ಫೈಲ್‌ಗಳಲ್ಲೂ ‘ಇಮೇಜ್1’ ಲೋಗೊವೇ ಆಗಿರುತ್ತದೆ ಎಂದುಕೊಳ್ಳಬೇಡಿ. ಹೆಡರ್‌ನ .rels ಫೈಲ್ (ಹೆಡರ್ ಬಳಸುವ ಚಿತ್ರಗಳ ಪಟ್ಟಿ ಇರುವುದು) ಓದಿ, ಅದು ಯಾವ ಚಿತ್ರವನ್ನು ತೋರಿಸುತ್ತದೋ ಅದನ್ನೇ ಬದಲಿಸಿ. ಪ್ರತಿ ಸೆಕ್ಷನ್‌ಗೆ ಮೊದಲ ಪುಟ, ಸಮ ಪುಟ, ಬೆಸ ಪುಟ ಎಂದು ಮೂರು ಹೆಡರ್ ಇರಬಹುದು, ಎಲ್ಲವನ್ನೂ ನೋಡಬೇಕು.

ಹೆಚ್ಚು ಕೆಡುವುದು ಅಳತೆಯಲ್ಲಿ. ಚಿತ್ರದ ಅಗಲ, ಎತ್ತರ ಜಿಪ್ ಒಳಗಿರುವ ಹೆಡರ್‌ನ ಎಕ್ಸ್‌ಎಂಎಲ್ ಫೈಲ್‌ನಲ್ಲಿ ಇಂಚಿಗೆ 9,14,400 ಘಟಕದಂತೆ ಬರೆದಿರುತ್ತದೆ. ಹಳೆಯದು ಅಡ್ಡ ಲೋಗೊ, ಹೊಸದು ಚೌಕವಾದರೆ ಹಿಗ್ಗಿಹೋಗುತ್ತದೆ. ಸುಲಭದ ದಾರಿ: ಹೊಸ ಚಿತ್ರದ ಸುತ್ತ ಪಾರದರ್ಶಕ ಜಾಗ ಸೇರಿಸಿ ಹಳೆಯ ಅನುಪಾತಕ್ಕೆ ತನ್ನಿ. ಮೂಲ ಫೈಲ್‌ಗಳ ನಕಲು ಇಟ್ಟುಕೊಂಡೇ ಸ್ಕ್ರಿಪ್ಟ್ ಓಡಿಸಿ, ದಯವಿಟ್ಟು.

ಉತ್ತರ 3
600ನ್ನೂ ಬದಲಿಸುವ ಮೊದಲು ಸಹಿಯಾದ ಒಪ್ಪಂದ, ಕಳುಹಿಸಿಯಾದ ಇನ್‌ವಾಯ್ಸ್‌ಗಳನ್ನು ಬೇರೆ ಇಡಿ. ಅವು ದಾಖಲೆ, ಮುಟ್ಟಬಾರದು.

ಥೀಮ್ (ಇಡೀ ಫೈಲಿನ ಬಣ್ಣ, ಫಾಂಟ್‌ಗಳ ಗುಂಪು) ಬಣ್ಣಗಳಲ್ಲಿ ಆರಿಸಿದ್ದು ಥೀಮ್ ಬದಲಿಸಿದರೆ ತಾನೇ ಬದಲಾಗುತ್ತದೆ. ಆರ್‌ಜಿಬಿ (ಕೆಂಪು, ಹಸಿರು, ನೀಲಿಯ ಪ್ರಮಾಣ) ಅಂಕಿ ಕೊಟ್ಟದ್ದು ಹಾಗೇ ಉಳಿಯುತ್ತದೆ, ಟೇಬಲ್‌ಗಳಲ್ಲಿ ವಿಶೇಷವಾಗಿ ಗಮನಿಸಿ.

ಕನ್ನಡ ಪಠ್ಯವಿದ್ದರೆ ಇನ್ನೊಂದು: ವರ್ಡ್ ಕನ್ನಡವನ್ನು ಕಾಂಪ್ಲೆಕ್ಸ್ ಸ್ಕ್ರಿಪ್ಟ್ (ಸಂಕೀರ್ಣ ಲಿಪಿ) ಎಂದು ಎಣಿಸುತ್ತದೆ, ಅದರ ಫಾಂಟ್‌ಗೆ ಪ್ರತ್ಯೇಕ ಜಾಗವಿದೆ. ಟೆಂಪ್ಲೇಟ್‌ನಲ್ಲಿ ಲ್ಯಾಟಿನ್ ಫಾಂಟ್ ಮಾತ್ರ ಬದಲಿಸಿದ್ದರೆ ಇಂಗ್ಲಿಷ್ ಹೊಸದಾಗಿ, ಕನ್ನಡ ಹಳೆಯ ತುಂಗಾ ಫಾಂಟ್‌ನಲ್ಲೇ ಕಾಣಬಹುದು. ಪ್ರತಿ ಸ್ಟೈಲ್‌ನಲ್ಲೂ ಎರಡನ್ನೂ ಹೊಂದಿಸಿ.