ಆಸ್ಪತ್ರೆಯಲ್ಲಿದ್ದು ಪಡೆದ ಮನೋದೈಹಿಕ ಚಿಕಿತ್ಸೆಯ ಫಲ ಎಷ್ಟು ಕಾಲ ಉಳಿಯುತ್ತದೆ?

ಪ್ರಶ್ನೆ: ಖಿನ್ನತೆ ಹಾಗೂ ಕಾರಣ ತಿಳಿಯದ ದೇಹನೋವಿಗಾಗಿ ನನ್ನ ತಂಗಿ ಆರು ವಾರ ಆಸ್ಪತ್ರೆಯಲ್ಲಿದ್ದು ಮನೋಚಿಕಿತ್ಸೆ ಪಡೆದು ಮರಳಿದ್ದಾಳೆ. ಈಗಿನ ಚೇತರಿಕೆ ವರ್ಷದ ನಂತರವೂ ಉಳಿದಿರುತ್ತದೆಯೇ?

ಉತ್ತರ 1: ಮನೆಯ ಹಳೆಯ ಒತ್ತಡಗಳು ಮತ್ತೆ ಎದುರಾದಾಗ ಬಿಡುಗಡೆಯ ದಿನದ ಚೇತರಿಕೆ ಸ್ವಲ್ಪ ತಗ್ಗುವುದು ಸಾಮಾನ್ಯವಾದರೂ, ಸರಾಸರಿಯಲ್ಲಿ ರೋಗಿಗಳು ದಾಖಲಾದ ದಿನಕ್ಕಿಂತ ಉತ್ತಮ ಸ್ಥಿತಿಯಲ್ಲೇ ಇರುತ್ತಾರೆ. ದಯವಿಟ್ಟು ಆ ಇಳಿಕೆಯನ್ನು ಸೋಲೆಂದು ಭಾವಿಸಬೇಡಿ. ದೇಹನೋವಿನಲ್ಲಿ ಸುಧಾರಣೆ ಸಾಮಾನ್ಯವಾಗಿ ಖಿನ್ನತೆಯಲ್ಲಿ ಕಾಣುವಷ್ಟು ದೊಡ್ಡದಾಗಿರುವುದಿಲ್ಲ.

ಉತ್ತರ 2: ಒಪ್ಪುತ್ತೇನೆ, ಆದರೆ ಈ ಸರಾಸರಿಗಳನ್ನು ಕೊಡುವ ಅಧ್ಯಯನಗಳಲ್ಲಿ ಅನೇಕರು ಬಿಡುಗಡೆಯ ನಂತರದ ಪ್ರಶ್ನಾವಳಿಗೆ ಉತ್ತರಿಸುವುದೇ ಇಲ್ಲ, ಹೋಲಿಕೆಗೆ ಚಿಕಿತ್ಸೆ ಪಡೆಯದ ಗುಂಪೂ ಹೆಚ್ಚಾಗಿ ಇರುವುದಿಲ್ಲ, ಆದ್ದರಿಂದ ಸರಾಸರಿಗಳನ್ನು ಎಚ್ಚರಿಕೆಯಿಂದ ಓದಬೇಕು.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಹೊರರೋಗಿ ಮನೋಚಿಕಿತ್ಸೆಯನ್ನು ವಿರಾಮವಿಲ್ಲದೆ ಮುಂದುವರಿಸಲು ಈ ವಾರವೇ ಸಮಯ ಗೊತ್ತುಮಾಡುತ್ತೇವೆ.